ಹೊಸ್ತಿಲ ಹೊರಗಿನ ಮಜ್ಜಿಗೆ

ಮೊನ್ನೆ ನನ್ನ ಮೊಮ್ಮಗಳು ಭಾಗ್ಯ ಅಂಗಡಿಗೆ ಹೋಗಿ ಬಂದವಳು ಉಪ್ಪು, ಸಾಬೂನಿನ ಜೊತೆಗೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಚೀಲವನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು. ಒಳಗೆ ಏನೋ ಬೆಳ್ಳಗಿತ್ತು. ಮುಟ್ಟಿದರೆ ತಣ್ಣಗೆ, ಒತ್ತಿದರೆ ಕಪ್ಪೆಯ ಹೊಟ್ಟೆಯಂತೆ ಮೆತ್ತಗೆ.

“ಏನವ್ವಾ ಇದು?” ಅಂದೆ.

“ಮಜ್ಜಿಗಿ, ಅಜ್ಜಿ.”

“ಯಾರು ಕೊಟ್ರು?”

“ಯಾರು ಕೊಡ್ತಾರ? ಕೊಂಡು ತಂದೀನಿ.”

ನಾನು ಚಾಪೆಯ ಮೇಲೆ ಕೂತೇಬಿಟ್ಟೆ. ಹಾಲು ಕೊಳ್ಳುವುದಕ್ಕೆ ಎಂದೋ ಒಗ್ಗಿಕೊಂಡಿದ್ದೇನೆ. ಮೊಸರು ಕೊಳ್ಳುವುದಕ್ಕೂ ಒಗ್ಗಿಕೊಂಡೆ. ಮಜ್ಜಿಗೆ ಕೊಳ್ಳುವುದು ಮಾತ್ರ, ದಾರಿಯಲ್ಲಿ ಬೇವಿನ ಮರದ ನೆರಳಿಗೆ ಕೂತು ಎದ್ದು ಹೋಗುವಾಗ ಮರಕ್ಕೆ ರೊಕ್ಕ ಕೊಟ್ಟು ಹೋದಂತೆ ಕಂಡಿತು. ಹಾಗೆಂದೆ. ಭಾಗ್ಯ ನಕ್ಕಳು. “ಹಂಗಾರ ಯಾರ ಮನಿಗಿ ಹೋಗಿ ಕೇಳ್ಲಿ, ಅಜ್ಜಿ? ಚರಗಿ ಹಿಡ್ಕೊಂಡು ಹೋದ್ರ ಭಿಕ್ಷಾ ಬೇಡಾಕ ಬಂದಾಳ ಅಂತಾರ.” ಅದೂ ನಿಜವೇ. ನಮ್ಮ ಓಣಿಯಲ್ಲಿ ಈಗ ಎಮ್ಮೆ ಕಟ್ಟಿದವರೇ ಇಲ್ಲ. ರಂಗಂಪೇಟೆಯಲ್ಲಿ ಇಂದು ಮಜ್ಜಿಗೆ ಬೇಕಾದವನು ಚೀಲವನ್ನೇ ಕತ್ತರಿಸಬೇಕು.

ಆ ಚೀಲ ನೋಡುತ್ತ ಕೂತವಳಿಗೆ ನನ್ನ ಆಯಿ ನೆನಪಾದಳು. ಆಯಿ ಅಂದರೆ ನನ್ನ ಅಪ್ಪನ ತಾಯಿ. ನಮ್ಮ ಕಾಲದಲ್ಲಿ ಅಜ್ಜಿಗೆ ಆಯಿ ಎನ್ನುತ್ತಿದ್ದೆವು. ಭಾಗ್ಯ ಸಾಲಿಯ ಪುಸ್ತಕದಲ್ಲಿ ಇದ್ದಂತೆ ಅಜ್ಜಿ ಎನ್ನುತ್ತಾಳೆ. ಆಯಿಯ ಹಿಂದೆ ಅಣ್ಣ ನೆನಪಾದ. ಅವನಿಗೆ ನಾನು ಚಿಕ್ಕಂದಿನಲ್ಲಿ ಒಂದು ಅನ್ಯಾಯ ಮಾಡಿದ್ದೇನೆ. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ತಲೆ ಬೆಳ್ಳಗಾಯಿತು. ಅಣ್ಣ ಶಹಾಪುರದಲ್ಲಿ ಮಗನ ಜೊತೆ ಇದ್ದಾನೆ. ಬರುವ ಸೋಮವಾರ ನನ್ನನ್ನು ನೋಡಿ ಹೋಗಲು ಬರುವವನಿದ್ದ. ಈ ಸಲ ಹೇಳಿಯೇ ತೀರುತ್ತೇನೆ ಅಂತ ಆ ಮಜ್ಜಿಗೆಯ ಚೀಲ ಮುಟ್ಟಿ ನಿಶ್ಚಯ ಮಾಡಿದೆ. ಮುಟ್ಟಿ ಆಣೆ ಮಾಡಲು ಅದಕ್ಕಿಂತ ಒಳ್ಳೆಯದು ಆ ಹೊತ್ತಿಗೆ ಹತ್ತಿರ ಇರಲಿಲ್ಲ.

ನನ್ನ ಓದಿನ ವಿಚಾರ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ತಪ್ಪು ಹುಡುಕಬಾರದು. ನಾನು ಒಂದನೇ ತರಗತಿಯನ್ನು ಎರಡು ಸಲ ಕಲಿತವಳು. ಮೊದಲು ಉರ್ದುವಿನಲ್ಲಿ. ಅಷ್ಟರಲ್ಲಿ ನಿಜಾಮನ ಸರಕಾರ ಹೋಯಿತು. ಅದೇ ಮಾಸ್ತರು, ಅದೇ ಕಟ್ಟೆ, ಅದೇ ಬೆತ್ತ, ಅಕ್ಷರ ಮಾತ್ರ ಬೇರೆ. ಬಲದಿಂದ ಎಡಕ್ಕೆ ಹೋಗುತ್ತಿದ್ದ ಕೈ ಎಡದಿಂದ ಬಲಕ್ಕೆ ತಿರುಗುವುದರೊಳಗೆ ಮನೆಯಲ್ಲಿ ನನ್ನ ತಮ್ಮ ಹುಟ್ಟಿದ, ತೊಟ್ಟಿಲು ತೂಗಲು ನನ್ನನ್ನು ಕರೆದುಕೊಂಡರು. ಮುಂದಿನದೆಲ್ಲ ಮಕ್ಕಳ ಪುಸ್ತಕ, ಕಿರಾಣಿ ಅಂಗಡಿಯ ಪೊಟ್ಟಣದ ಕಾಗದ ಓದಿ ಬಂದದ್ದು. ಅಣ್ಣ ಹಾಗಲ್ಲ. ಅವನು ಯಾದಗಿರಿಗೆ ಹೋಗಿ ಓದಿದವನು. ಹೆಸರು ಶರಣಪ್ಪ, ನನಗಿಂತ ಬಹಳ ದೊಡ್ಡವನು. ಓದು ಮುಗಿಸಿ ಊರಿಗೆ ಬಂದಾಗ ಅವನ ಕಿಸೆಯಲ್ಲಿ ಒಂದು ಬಾಚಣಿಕೆ, ಬಾಯಲ್ಲಿ ಹೊಸ ಹೊಸ ಮಾತು ಇದ್ದವು.

ನಮ್ಮ ಊರು ಮುದನಾಳ. ಜೋಳ, ತೊಗರಿ ಬೆಳೆಯುವ ಹೊಲ, ಎರಡು ಎತ್ತು, ಎರಡು ಎಮ್ಮೆ. ಎತ್ತು ಅಪ್ಪನವು, ಎಮ್ಮೆ ಆಯಿಯವು. ಎಮ್ಮೆ ಹಿಂಡುವುದು ಅವ್ವನ ಕೆಲಸವಾದರೂ, ಹಿಂಡಿದ ಹಾಲು ಎಲ್ಲಿಗೆ ಹೋಗಬೇಕೆಂಬ ಮಾತು ಆಯಿಯದು. ಅವಳು ಕಡೆಯುತ್ತಿದ್ದ ದಿನ ನಸುಕಿನಲ್ಲೇ ಪಡಸಾಲೆಯ ಕಂಬಕ್ಕೆ ಕಡಗೋಲು ಕಟ್ಟಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕೂಡುತ್ತಿದ್ದಳು. ಹಗ್ಗ ಎಳೆದಾಗ ಬರುವ ಗುಡುಗುಡು ಸದ್ದು ಓಣಿಗೆಲ್ಲ ಕೇಳುತ್ತಿತ್ತು. ಸದ್ದು ದಪ್ಪಗಿದ್ದರೆ ಬೆಣ್ಣೆ ಇನ್ನೂ ಬಂದಿಲ್ಲ, ಸದ್ದು ಸಡಿಲಾದರೆ ಬಂತು. ಆ ಹೊತ್ತಿಗೆ ಸರಿಯಾಗಿ ಹೊಸ್ತಿಲ ಹೊರಗೆ ಮಂದಿ ಬಂದು ನಿಲ್ಲುತ್ತಿದ್ದರು. ಚರಗಿ, ತಂಬಿಗೆ, ಬಾಯಿ ಒಡೆದ ಗಡಿಗೆ, ಹೀಗೆ ಕೈಗೆ ಸಿಕ್ಕದ್ದು ಹಿಡಿದುಕೊಂಡು.

ಅಲ್ಲಿ ಆಯಿಯ ಕಾಯಿದೆ ನಡೆಯುತ್ತಿತ್ತು. ಹೊಸ್ತಿಲ ಮುಂದೆ ಪಾತ್ರೆ ಹಿಡಿದು ನಿಂತವರನ್ನು ಯಾರು, ಯಾವ ಜಾತಿ, ನಿನ್ನೆ ಬಂದಿದ್ದರೋ ಏನೋ ಎಂದು ಕೇಳಬಾರದು. ಖಾಲಿ ಕಳಿಸಬಾರದು. ಅವರಿಂದ ಆ ದಿನ ಒಂದು ಮೆಣಸಿನಕಾಯಿಯನ್ನೂ ತಗೊಳ್ಳಬಾರದು. ಬೆಣ್ಣೆ ಮಾತ್ರ ಮನೆಯವರಿಗೆ. ಪಡೆದವರೂ ಹೆಚ್ಚು ಕಡಿಮೆ ಎನ್ನಬಾರದು, ಹುಳಿ ಆಗಿದೆ ಎನ್ನಬಾರದು. ನಿಜಾಮನ ಸರಕಾರ ಹೋದ ಗದ್ದಲದ ವರ್ಷದಲ್ಲಿ, ಒಬ್ಬರ ಮುಖ ಒಬ್ಬರು ನೋಡಲು ಅಂಜುತ್ತಿದ್ದ ದಿನಗಳಲ್ಲಿ, ನಮ್ಮ ಓಣಿಯ ಪಿಂಜಾರರ ಇಮಾಂಬಿ ಬರುವುದನ್ನು ಬಿಟ್ಟಿದ್ದಳು. ಆಯಿ ಹಗ್ಗ ಕೆಳಗಿಟ್ಟು, ಗಡಿಗೆ ತಲೆಯ ಮೇಲೆ ಹೊತ್ತು, ತಾನೇ ಅವರ ಮನೆಯ ಹೊಸ್ತಿಲಿಗೆ ಹೋಗಿ ಸುರಿದು ಬಂದಳು. “ನೀ ಬರಲಿಲ್ಲಂತ ನನ್ನ ಮಜ್ಜಿಗಿ ಹುಳಿ ಆಗಾಕತ್ತದ” ಅಂತ ಬೈದೂ ಬಂದಳಂತೆ. ಇಮಾಂಬಿ ಮುಂದಿನ ಸಲ ತಾನೇ ಬಂದಳು.

ಹಾಲು ಮಾರುವುದೆಂದರೆ ಆಯಿಗೆ ಮನೆಯ ಮಗುವನ್ನು ಸಂತೆಗೆ ಒಯ್ದಷ್ಟು ಅಸಹ್ಯ. ಊರಲ್ಲಿ ಎಲ್ಲರದೂ ಇದೇ ಮಾತು. ಬಾಣಂತಿಗೆ, ಮಗುವಿಗೆ, ದೇವರಿಗೆ ಹಾಲು ಕೇಳಿದರೆ ಚರಗಿ ತುಂಬ ಕೊಟ್ಟಾರು, ರೊಕ್ಕದ ಮಾತು ತೆಗೆದರೆ ಬಾಗಿಲು ಹಾಕಿಯಾರು. ಇದರಿಂದ ಫಜೀತಿಗೆ ಬಿದ್ದವನು ಬಸಣ್ಣ. ಅವನು ಎಲ್ಲೋ ರೈಲು ಸ್ಟೇಷನ್ನಿನ ಹೋಟೆಲಿನಲ್ಲಿ ಕಪ್ಪು ತೊಳೆದು, ಚಹಾ ಮಾಡುವುದನ್ನು ಕಲಿತು ಬಂದು, ಊರ ಹೊರಗೆ ಯಾದಗಿರಿಯ ಬಂಡಿದಾರಿಗೆ ಚಹಾದ ಅಂಗಡಿ ಇಟ್ಟ. ನಾಲ್ಕು ಗೂಟ, ಮೇಲೆ ಜೋಳದ ದಂಟು, ಒಂದು ಒಲೆ. ಸಕ್ಕರೆ ಕಂಟ್ರೋಲಿನಲ್ಲಿತ್ತು, ಬೆಲ್ಲ ಹಾಕುತ್ತಿದ್ದ. ಹಾಲು ಮಾತ್ರ ಎಮ್ಮೆಗಳೇ ತುಂಬಿದ ಊರಲ್ಲಿ ಅವನಿಗೆ ಹನಿಯೂ ಸಿಗಲಿಲ್ಲ. ಕರಿ ಚಹಾ ಮಾರುತ್ತಿದ್ದ. ಕುಡಿದವರು ಕಷಾಯ ಕುಡಿದವರಂತೆ ಮುಖ ಕಿವಿಚುತ್ತಿದ್ದರು.

ಬಸಣ್ಣ ಒಮ್ಮೆ ಆಯಿಯ ಮುಂದೆ ಬಂದು ನಿಂತ.

“ಆಯಿ, ದಿನಾ ಒಂದು ಚರಗಿ ಹಾಲು ಕೊಡ್ರಿ. ನೀವು ಹೇಳಿದಷ್ಟು ಕೊಡ್ತೀನಿ.”

“ನಿನ್ನ ಹೇಣ್ತಿ ಹಡದಾಳೇನು?”

“ಇಲ್ರಿ.”

“ಮನಿಗಿ ಸ್ವಾಮಿಗೋಳು ಬಂದಾರೇನು?”

“ಇಲ್ರಿ, ಅಂಗಡಿಗಿ...”

“ಹೋಗಪಾ. ಹೇಣ್ತಿ ಹಡದ ಮ್ಯಾಲ ಬಾ, ಕೊಡ ತುಂಬಿ ಕೊಡ್ತೀನಿ.”

ಅಣ್ಣ ಪಡಸಾಲೆಯಲ್ಲಿ ಕೂತು ಇದನ್ನು ಕೇಳಿದ. ಬಸಣ್ಣ ಹೋದ ಮೇಲೆ ಅಂದ: “ಆಯಿ, ನಾವು ಜ್ವಾಳ ಮಾರ್ತೀವಿ, ತೊಗರಿ ಮಾರ್ತೀವಿ. ಭೂಮಿತಾಯಿ ಕೊಟ್ಟದ್ದು ಮಾರಬಹುದು, ಎಮ್ಮಿ ಕೊಟ್ಟದ್ದು ಮಾರಬಾರ್ದೇನು?”

“ಜ್ವಾಳಕ್ಕ ನೀ ಬೆವರು ಸುರಿಸೀದಿ. ಹಾಲಿಗಿ ಕರ ಬಾಯಿ ಬಿಟ್ಟು ಕುಂತದ. ಅದರ ಬಾಯಾಗಿಂದು ಕಸಗೊಂಡದ್ದು ಅದು. ಕಸಗೊಂಡದ್ದು ಹಂಚಬೇಕು, ಮಾರಬಾರ್ದು.”

“ಹೈದರಾಬಾದಿನಾಗ ಅಷ್ಟ ದೊಡ್ಡ ರಾಜ್ಯ ಹೋಯ್ತು, ಈ ಪಡಸಾಲ್ಯಾಗ ಆಯಿ ರಾಜ್ಯ ಯಾವಾಗ ಹೋಗೋದು?”

“ನಾ ಹೋದ ಮ್ಯಾಲ” ಅಂದು ಆಯಿ ಹಗ್ಗ ಎಳೆದಳು.

ಇಬ್ಬರ ಮಾತೂ ನನಗೆ ಸರಿ ಎನಿಸಿತು. ಅದೇ ನನ್ನ ದೋಷ. ಆಯಿಗೆ ಒಂದು ನ್ಯಾಯ ಇತ್ತು, ಅಣ್ಣನಿಗೂ ಒಂದು ನ್ಯಾಯ ಇತ್ತು. ನನಗೆ ಇದ್ದದ್ದು ನಾಲಿಗೆ ಮಾತ್ರ.

ಆ ನಾಲಿಗೆಯ ಕತೆ ಹೀಗೆ. ಒಂದು ದಿನ ಕರುವನ್ನು ಹುಡುಕುತ್ತ ಬಸಣ್ಣನ ಅಂಗಡಿಯ ಹಿಂದೆ ಹೋದೆ. ಅವನ ಹೆಂಡತಿ ತವರಿನಿಂದ ಬರುವಾಗ ಸ್ವಲ್ಪ ಹಾಲು ತಂದಿದ್ದಳು. ಬಸಣ್ಣ ಅದರಲ್ಲಿ ತನಗಾಗಿ ಚಹಾ ಮಾಡಿಕೊಳ್ಳುತ್ತಿದ್ದ. “ಕುಡೀತಿಯೇನ ಮಾದೇವಿ?” ಎಂದು ಕಪ್ಪಿನ ಕೆಳಗಿನ ಬಶಿಯಲ್ಲಿ ಸುರಿದು ಕೊಟ್ಟ. ಬಿಸಿ, ಸಿಹಿ, ಶುಂಠಿಯ ಖಾರ, ಮೇಲೆ ಕೆನೆಯ ತೆಳ್ಳನೆಯ ಪರದೆ. ನಾನು ಬಶಿ ನೆಕ್ಕಿದೆ. ಮರುದಿನ ಹೋದೆ. “ಹಾಲಿಲ್ಲವ್ವಾ” ಅಂದ. ಅದರ ಮರುದಿನ ಕೈಯಲ್ಲಿ ಚರಗಿ ಹಿಡಿದುಕೊಂಡು ಹೋದೆ.

ಸಂಜೆ ಅವ್ವ ಹಿಂಡಿದ ಹಾಲನ್ನು ಕೊಟ್ಟಿಗೆಯಿಂದ ಅಡುಗೆಮನೆಗೆ ಒಯ್ಯುವುದು ನನ್ನ ಕೆಲಸ. ಹಿತ್ತಲ ಗೋಡೆಯ ಸಂದಿಯಲ್ಲಿ ಚರಗಿ ಇಟ್ಟಿರುತ್ತಿದ್ದೆ. ಹಾಲು ಚರಗಿಗೆ ಹೋಗುತ್ತಿತ್ತು, ಹೋದಷ್ಟೇ ನೀರು ಗಡಿಗೆಗೆ ಬರುತ್ತಿತ್ತು. ಬಸಣ್ಣ ರೊಕ್ಕ ಕೊಡಲು ಬಂದಾಗ ಬೇಡ ಎಂದೆ. ರೊಕ್ಕ ತಗೊಂಡರೆ ಮಾರಿದ ಪಾಪ ಬರುತ್ತದೆ, ಬಶಿ ಚಹಾ ಕುಡಿದರೆ ಬರುವುದಿಲ್ಲ ಎಂಬುದು ನನ್ನ ಲೆಕ್ಕ. ಎರಡು ಸಲ ಒಂದನೇ ತರಗತಿ ಓದಿದವಳ ಲೆಕ್ಕ ಅದು.

ಆಯಿಯ ಕಡಗೋಲಿನ ಸದ್ದು ಬದಲಾಯಿತು. ಎಷ್ಟು ಎಳೆದರೂ ಬೆಣ್ಣೆ ನಿಂಬೆಹಣ್ಣಿನಷ್ಟೇ ಬರುತ್ತಿತ್ತು. ಮಜ್ಜಿಗೆ ಬಿಸಿಲಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳ್ಳಗೆ. ನಿಜ ಹೇಳಬೇಕೆಂದರೆ ನನಗೇ ಸೋಜಿಗವಾಗಿತ್ತು. ಒಂದು ಚರಗಿ ನೀರಿಗೆ ಇಷ್ಟು ತೆಳುವಾಗುತ್ತದೆಯೇ? ಆದರೆ ಕಳ್ಳಿ ಹೋಗಿ ಯಾರನ್ನು ಕೇಳಬೇಕು? ಆಯಿ ಎಮ್ಮೆಗೆ ಯಾರದೋ ಕಣ್ಣು ಬಿದ್ದಿದೆ ಎಂದಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ತಟ್ಟೆ ಹಿಡಿದುಕೊಂಡು ನಿಂತವಳು ನಾನೇ. ಖಾರದ ಘಾಟು ಬರಲಿಲ್ಲವೆಂದು ಆಯಿ, “ನೋಡು, ಎಂಥಾ ಕೆಟ್ಟ ಕಣ್ಣು ಅದು!” ಅಂದಳು. ನನ್ನ ಕಣ್ಣುಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅಬ್ಬೆತುಮಕೂರಿನ ಮಠಕ್ಕೆ ಬೆಣ್ಣೆ ಒಪ್ಪಿಸುವುದಾಗಿ ಹರಕೆಯನ್ನೂ ಹೊತ್ತಳು.

ಹೊಸ್ತಿಲ ಹೊರಗೆ ನಿಂತವರು ಮಾತ್ರ ಏನೂ ಅನ್ನಲಿಲ್ಲ. ಕೊಟ್ಟದ್ದನ್ನು ಹಳಿಯಬಾರದೆಂಬ ಕಾಯಿದೆ ಅವರಿಗೂ ಇತ್ತಲ್ಲ. ನೀರಿನಂಥ ಮಜ್ಜಿಗೆಯನ್ನು ಹಾಲಿನಂತೆ ಸೆರಗು ಮುಚ್ಚಿಕೊಂಡು ಒಯ್ಯುತ್ತಿದ್ದರು.

ಅದೇ ದಿನಗಳಲ್ಲಿ ಅಣ್ಣನ ಕೈಯಲ್ಲಿ ಕನ್ನಡದ ಪೇಪರು ಕಾಣತೊಡಗಿತ್ತು. ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಓದಿದ ಹುಡುಗನ ಕೈಯಲ್ಲಿ ಪೇಪರು, ಎಮ್ಮೆಯ ಬಾಯಲ್ಲಿ ಹುಲ್ಲು, ಕೇಳುವುದೇನು?

ಒಂದು ಬೆಳಿಗ್ಗೆ ಅಪ್ಪ ಬಂಡಿ ಕಟ್ಟಿಕೊಂಡು ಯಾದಗಿರಿಗೆ ಹೊರಟವರು ಅರ್ಧ ದಾರಿಯಿಂದ ತಿರುಗಿ ಬಂದರು. ಎತ್ತು ಬಿಡದೆಯೇ ಪಡಸಾಲೆಗೆ ಬಂದು ನಿಂತರು. ಆಯಿ ಕಡೆಯುತ್ತಿದ್ದಳು.

“ಯವ್ವಾ, ಬಸಣ್ಣನ ಚಾ ಬೆಳ್ಳಗಾಗ್ಯಾದ.”

ಹಗ್ಗ ನಿಂತಿತು.

“ಯಾರ ಮನಿ ಹಾಲು?”

“ಅವ ಬಾಯಿ ಬಿಡಾಕತ್ತಿಲ್ಲ.”

ಆಯಿ ಗಡಿಗೆಯೊಳಗೆ ನೋಡಿದಳು. ನಿಂಬೆಹಣ್ಣಿನಷ್ಟು ಬೆಣ್ಣೆ ತೇಲುತ್ತಿತ್ತು. ಆಮೇಲೆ ತಲೆ ಎತ್ತಿ ನೋಡಿದ್ದು ನನ್ನನ್ನಲ್ಲ, ಅಣ್ಣನನ್ನು. ಅಪ್ಪನೂ ಅವನನ್ನೇ ನೋಡಿದರು. ಅವ್ವನೂ ಅವನನ್ನೇ. ಊರಲ್ಲಿ ಹಾಲು ಮಾರಬೇಕೆಂದು ಬಾಯಿಬಿಟ್ಟು ಹೇಳಿದವನು ಅವನೊಬ್ಬನೇ ಅಲ್ಲವೇ? ನಾನು ಜೋಳ ತುಂಬಿಡುವ ಗುಮ್ಮಿಯ ಹಿಂದೆ ನಿಂತಿದ್ದೆ. ನಾಲಿಗೆಯ ಮೇಲೆ ನಿನ್ನೆಯ ಶುಂಠಿ ಇನ್ನೂ ಇತ್ತು. ಅಣ್ಣ ಪೇಪರು ಮಡಚಿದ. ಒಂದು ಕ್ಷಣ ನಾನಿದ್ದ ಕಡೆ ನೋಡಿದ ಎಂದು ನನಗೆ ಅನ್ನಿಸಿತು.

“ಹೌದು, ನಾನ ಕೊಟ್ಟೀನಿ. ತಪ್ಪೇನದ?” ಅಂದ.

ಅಣ್ಣನಿಗೆ ಗೊತ್ತಿದೆ. ನನ್ನನ್ನು ಉಳಿಸಲು ತನ್ನ ಮೇಲೆ ಹಾಕಿಕೊಂಡ. ನಾನು ಮುಂದೆ ಬಂದು “ಅವನಲ್ಲ, ನಾನು” ಅನ್ನಬೇಕಿತ್ತು. ಬಾಯಿ ತೆರೆದೆ. ತೇಗು ಬಂತು. ಮುಚ್ಚಿಕೊಂಡೆ.

ಆಯಿ ಕೂಗಾಡಲಿಲ್ಲ. “ಹಾಲು ಹೋದ್ರ ಹೋಗ್ಲಿ. ನನ್ನ ಕೈಲೆ ಮಂದಿಗಿ ನೀರು ಹಾಕಿಸಿದಿ” ಅಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ತೀರ್ಪು ಕೊಟ್ಟಳು: “ಮಾರಾವ ಕೊಂಡು ಕುಡೀಬೇಕು. ನನ್ನ ಮಜ್ಜಿಗಿ ನಾ ಮಾರಾಂಗಿಲ್ಲ. ಹಂಗಾರ ಈ ಮನ್ಯಾಗ ನಿನಗ ಮಜ್ಜಿಗಿ ಇಲ್ಲ.”

ಮಜ್ಜಿಗೆ ಇಲ್ಲದ ಊಟ ಎಂದರೆ ಏನು ಎಂಬುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಜೋಳದ ನುಚ್ಚಿನ ಮೇಲೆ ಮಜ್ಜಿಗೆ ಸುರಿದುಕೊಂಡರೆ ಅದು ಊಟ. ಸುರಿಯದಿದ್ದರೆ ಅದು ಶಿಕ್ಷೆ. ಅಣ್ಣ ಒಣ ನುಚ್ಚು ನುಂಗಿ ನೀರು ಕುಡಿದು ಎದ್ದು ಹೋಗುತ್ತಿದ್ದ. ಅವನ ಪಕ್ಕದಲ್ಲಿ ಕೂತ ನನ್ನ ಗಂಗಾಳದಲ್ಲಿ ಮಜ್ಜಿಗೆ ತುಂಬಿ ತುಳುಕುತ್ತಿತ್ತು. ನನ್ನ ಗಂಟಲಲ್ಲಿ ಅದು ಇಳಿಯುತ್ತಿರಲಿಲ್ಲ ಎಂದು ಬರೆಯಬೇಕೆಂದು ಆಸೆ. ಇಳಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಇದರ ಮೇಲೆ ಇನ್ನೊಂದು. ಅಂದಿನಿಂದ ಹಾಲು ಕದಿಯುವುದನ್ನು ಬಿಟ್ಟೆ, ಚಹಾ ನಿಂತದ್ದರಿಂದ ನನಗೆ ತಲೆನೋವು ಹಿಡಿಯಿತು. ಸಂಜೆಯಾದರೆ ಹಣೆ ಸಿಡಿಯುತ್ತಿತ್ತು. ಆಯಿ ಅಂದಳು, “ಅಣ್ಣನ ಚಿಂತಿ ಹಚಗೊಂಡಾಳ ಕೂಸು.” ಬೆಣ್ಣೆ ತೆಗೆದು ನನ್ನ ನೆತ್ತಿಗೆ ತಟ್ಟಿದಳು, ಉಳಿದದ್ದನ್ನು ಬಾಯಿಗೆ ಇಟ್ಟಳು. ಕದ್ದವಳಿಗೆ ಬೆಣ್ಣೆ, ಒಪ್ಪಿಕೊಂಡವನಿಗೆ ಒಣ ನುಚ್ಚು. ಆ ಬೆಣ್ಣೆಯ ಜಿಡ್ಡು ಇನ್ನೂ ನನ್ನ ನೆತ್ತಿಯಲ್ಲಿದೆ ಎನ್ನಿಸುತ್ತದೆ.

ಮುಂದಿನ ಸಲ ಕಡೆಯುವ ದಿನ ಏನಾಯಿತೆಂದರೆ, ಆಯಿ ಹೊಸ್ತಿಲಿಗೆ ಗಡಿಗೆ ತಂದು ಸೌಟು ಎತ್ತಿದಳು. ಮುಂದೆ ಇಮಾಂಬಿ, ಹಿಂದೆ ಇಬ್ಬರು, ಅವರ ಹಿಂದೆ ಚರಗಿ ಹಿಡಿದು ಅಣ್ಣ. ತಲೆ ಬಾಚಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದ.

ಇಮಾಂಬಿ ತಿರುಗಿ ನೋಡಿದಳು. “ಯಾಕೋ ಶರಣಪ್ಪಾ, ನೀ ಇಲ್ಲಿ?”

“ನಮ್ಮ ಮನ್ಯಾಗ ಮಜ್ಜಿಗಿ ಇಲ್ಲ, ಚಾಚಿ. ಈ ಮನ್ಯಾಗ ಕೊಡ್ತಾರಂತ ಕೇಳೀನಿ.”

ಸಾಲಿನಲ್ಲಿದ್ದವರು ಸೆರಗು ಬಾಯಿಗೆ ಒತ್ತಿಕೊಂಡರು. ಗುಮ್ಮಿಯ ಹಿಂದಿನಿಂದ ನಾನು ಇಣುಕಿದೆ. ಪಾತ್ರೆ ಹಿಡಿದು ಹೊಸ್ತಿಲ ಮುಂದೆ ನಿಂತವನನ್ನು ಯಾರೆಂದು ಕೇಳಬಾರದು, ಖಾಲಿ ಕಳಿಸಬಾರದು. ಆಯಿಯ ಕಾಯಿದೆ ಆಯಿಯ ಎದುರಿಗೇ ಬಂದು ನಿಂತಿತ್ತು. ಅಣ್ಣನ ಸರದಿ ಬಂತು. ಆಯಿ ಅವನ ಮುಖ ನೋಡಲಿಲ್ಲ. ಬೇರೆಯವರಿಗೆ ಎಷ್ಟೋ ಅಷ್ಟೇ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ, ಸುರಿದಳು. ಅಣ್ಣ ಅದನ್ನು ಹಿಡಿದುಕೊಂಡು ಓಣಿಯಲ್ಲೆಲ್ಲ ಒಂದು ಸುತ್ತು ಹಾಕಿ, ಹಿತ್ತಲ ಬಾಗಿಲಿನಿಂದ ಮನೆಗೆ ಬಂದು, ನುಚ್ಚಿನ ಮೇಲೆ ಸುರಿದುಕೊಂಡು ಉಂಡ.

ಅಲ್ಲಿಂದ ಅದೇ ನಡೆಯಿತು. ಆ ಬೇಸಿಗೆಯೆಲ್ಲ ಅಣ್ಣ ಪರರಂತೆ ಹೊರಗೆ ನಿಂತ. ನಿಂತಲ್ಲಿ ಸುಮ್ಮನಿರದೆ, ತನ್ನ ಬಳಿಯಿದ್ದ ಪೇಪರು ತೆಗೆದು ಸಾಲಿನವರಿಗೆ ಓದಿ ಹೇಳತೊಡಗಿದ. ಎಲ್ಲೋ ಅಣೆಕಟ್ಟು ಕಟ್ಟುತ್ತಾರಂತೆ. ಎಲ್ಲರಿಗೂ ಓಟು ಅಂತ ಬರುತ್ತದಂತೆ, ಹೆಣ್ಣುಮಕ್ಕಳಿಗೂ. “ಅದೇನು ತಿನ್ನೋದೋ ಉಡೋದೋ?” ಎಂದು ಇಮಾಂಬಿ ಕೇಳುವಳು. ಮಂದಿ ಮೊದಲಿಗಿಂತ ಬೇಗ ಬರತೊಡಗಿದರು. ನಾನು ಗಮನಿಸಿದ್ದು ಒಂದು: ಅಣ್ಣ ಓದುವಾಗ ಒಳಗೆ ಕಡಗೋಲಿನ ಸದ್ದು ಮೆಲ್ಲಗಾಗುತ್ತಿತ್ತು.

ಒಂದು ದಿನ ಅಣ್ಣ ಅಣೆಕಟ್ಟಿನ ಸುದ್ದಿ ಓದುತ್ತಿದ್ದ. ಒಳಗಿನಿಂದ ಆಯಿಯ ದನಿ ಬಂತು.

“ಇಮಾಂಬೀ, ಅವಗ ಹೇಳು, ಇದನ್ನ ಮೊದಲೂ ಓದ್ಯಾನ ಅಂತ.”

ಅಣ್ಣ ಕೆಂಪಗಾದ. ಬಸಣ್ಣನ ಅಂಗಡಿಗೆ ಹಾಲು ನಿಂತ ಮೇಲೆ ಅವನಿಗೆ ಹೊಸ ಪೇಪರೇ ಬಂದಿರಲಿಲ್ಲ. ಇದ್ದವನ್ನೇ ತಿರುಗಿಸಿ ಮುರುಗಿಸಿ ಓದುತ್ತಿದ್ದ. ಸಾಲಿನವರಿಗೆ ಹೊತ್ತು ಹೋದರೆ ಸಾಕಿತ್ತು. ಕೇಳಿ ನೆನಪಿಟ್ಟುಕೊಂಡವಳು ಆಯಿ ಒಬ್ಬಳೇ.

ಅವನ ಸರದಿ ಬಂದಾಗ ಆಯಿ ಮಜ್ಜಿಗೆ ಸುರಿದಳು. ಆಮೇಲೆ ಎಡಗೈಯಲ್ಲಿದ್ದ ಬೆಣ್ಣೆಯ ಉಂಡೆಯಿಂದ ಒಂದು ತುಣುಕು ಕಿತ್ತು ಅವನ ಚರಗಿಯೊಳಗೆ ಹಾಕಿದಳು. ಟಪ್ ಎಂದಿತು. “ಹಳೀ ಸುದ್ದಿಗಿ ಇಷ್ಟ ಸಾಕು” ಎಂದು ಒಳಗೆ ಹೋದಳು.

ಬೆಣ್ಣೆ ಮಾತ್ರ ಮನೆಯವರಿಗೆ ಎಂದು ಹಿಂದೆ ಹೇಳಿದ್ದೆನಲ್ಲ. ಅಣ್ಣನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚರಗಿ ಹಿಡಿದುಕೊಂಡು ಹೊಸ್ತಿಲು ದಾಟಿ ಒಳಗೆ ಬಂದು ನನ್ನ ಪಕ್ಕ ಕೂತ. ಆಯಿ ಹಾಲು ಮಾರುವುದಕ್ಕೆ ಎಂದೂ ಒಪ್ಪಲಿಲ್ಲ. ಅಣ್ಣ ತನ್ನದು ತಪ್ಪೆಂದು ಎಂದೂ ಅನ್ನಲಿಲ್ಲ. ಇಬ್ಬರೂ ಕೊನೆಯವರೆಗೆ ಅದೇ ವಾದ ಮಾಡುತ್ತ, ಅದೇ ಗಡಿಗೆಯ ಮಜ್ಜಿಗೆ ಕುಡಿಯುತ್ತ ಸುಖವಾಗಿದ್ದರು. ಸುಖ ಇಲ್ಲದವಳು ನಾನು. ಆಯಿ ತೀರಿಹೋದಳು, ನಾನು ಹೇಳಲಿಲ್ಲ. ಮದುವೆಯಾಗಿ ರಂಗಂಪೇಟೆಗೆ ಬಂದೆ, ಹೇಳಲಿಲ್ಲ. ಅಣ್ಣ ಶಹಾಪುರದಲ್ಲಿ ಊರೂರಿನ ಹಾಲು ಕೂಡಿಸುವ ಕೆಲಸಕ್ಕೇ ಸೇರಿ, ಅದರಲ್ಲೇ ತಲೆ ನರೆಸಿಕೊಂಡ. ಆಗಲೂ ಹೇಳಲಿಲ್ಲ. ಬದಲಿಗೆ ನಾಗರಪಂಚಮಿಗೆ ಅವನಿಗೆ ಎಲ್ಲರಿಗಿಂತ ದೊಡ್ಡ ಉಂಡಿ ಕಟ್ಟುತ್ತಿದ್ದೆ. ಬಂದಾಗ ಹೋಳಿಗೆಯ ಮೇಲೆ ತುಪ್ಪ ಕೆರೆಯಂತೆ ನಿಲ್ಲಿಸುತ್ತಿದ್ದೆ. “ನನ್ನ ತಂಗಿಯಂಥಾ ತಂಗಿ ಯಾರಿಗೂ ಇಲ್ಲ” ಎಂದು ಅವನು ಶಹಾಪುರದಲ್ಲೆಲ್ಲ ಹೇಳಿಕೊಂಡು ತಿರುಗಿದ. ಅದನ್ನು ಕೇಳಿದಾಗಲೆಲ್ಲ ಮುಂದಿನ ಪಂಚಮಿಯ ಉಂಡಿ ಇನ್ನಷ್ಟು ದೊಡ್ಡದಾಗುತ್ತಿತ್ತು.

ಸೋಮವಾರ ಅಣ್ಣ ಬಂದ. ಬಸ್ಸಿನ ಧೂಳು ಕೊಡವಿ, ಕೋಲು ಗೋಡೆಗೆ ಆನಿಸಿ, ಕುರ್ಚಿಯಲ್ಲಿ ಕೂತ. ಭಾಗ್ಯ ಅಂಥವೇ ಎರಡು ಮಜ್ಜಿಗೆಯ ಚೀಲ ತಂದು ಕಟ್ಟೆಯ ಮೇಲೆ ಇಟ್ಟಿದ್ದಳು. ಈಗ ಇಲ್ಲದಿದ್ದರೆ ಎಂದೂ ಇಲ್ಲ ಎಂದು ನಾನು ನೆಲ ನೋಡುತ್ತ ಎಲ್ಲವನ್ನೂ ಹೇಳಿಬಿಟ್ಟೆ. ಗೋಡೆಯ ಸಂದಿ, ಚರಗಿ, ಬಶಿ, ಶುಂಠಿ, ನೀರು. “ನನ್ನ ಸಲುವಾಗಿ ನೀ ಆಯಿ ಮುಂದ ತಲಿ ಕೊಟ್ಟಿ, ಯಣ್ಣಾ. ನಾ ಬಾಯಿ ಬಿಡಲಿಲ್ಲ” ಅಂದು ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ತಲೆ ಎತ್ತಿದೆ. ಅಣ್ಣ ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿದ್ದ.

“ನೀನೂ ಕೊಡಾಕತ್ತಿದ್ದಿಯೇನು?” ಅಂದ.

“ನೀನೂ ಅಂದ್ರ?”

“ಏ ಹುಚ್ಚೀ, ಮುಂಜಾನಿ ಹಾಲು ನಾ ಕೊಡ್ತಿದ್ದೆ! ದಿನಾ ಒಂದು ಚರಗಿ ಹಾಲು ಒಯ್ದು, ಅಷ್ಟ ನೀರು ಹಾಕಿ ಇಡ್ತಿದ್ದೆ. ಬಸಣ್ಣ ಸ್ಟೇಷನ್ನಿನಿಂದ ನನಗ ಪೇಪರ ತಂದು ಕೊಡ್ತಿದ್ದ.”

“ಅಂದ್ರ ನನ್ನ ಸಲುವಾಗಿ...”

“ನಿನ್ನ ಸಲುವಾಗಿ ಯಾಕ? ನೀ ಗುಮ್ಮಿ ಹಿಂದ ಇದ್ದಿ ಅಂತನೂ ನನಗ ಗೊತ್ತಿಲ್ಲ. ಒಂದು ಚರಗಿ ನೀರಿಗಿ ಮಜ್ಜಿಗಿ ಅಷ್ಟ ತೆಳ್ಳಗ ಹ್ಯಾಂಗಾತು ಅಂತ ಇವತ್ತಿನ ತನಕ ವಿಚಾರ ಮಾಡಾಕತ್ತೀನಿ ನಾನು!”

ಬಾಗಿಲಲ್ಲಿ ನಿಂತಿದ್ದ ಭಾಗ್ಯ ನಕ್ಕು ನಕ್ಕು ಚೌಕಟ್ಟು ಹಿಡಿದುಕೊಂಡಳು. “ಆ ಬಸಣ್ಣ ಇಬ್ಬರ ಕಡೀಂದನೂ ತಗೊಂಡು ಸುಮ್ಮಿದ್ದನೇನು, ಮುತ್ಯಾ? ಭಾರೀ ಇದ್ದ ಬಿಡು.” ಆಮೇಲೆ ಮುಖ ಗಂಭೀರ ಮಾಡಿ, “ಅಲ್ಲ, ಹಾಲು ಮಾರಿದ್ರ ಅದ್ರಾಗ ತಪ್ಪೇನದ ಅಂತ ನನಗ ಇನ್ನೂ ತಿಳೀವಲ್ದು” ಅಂದಳು.

ಅಷ್ಟರಲ್ಲಿ ಅಣ್ಣನ ಮುಖ ನಿಧಾನವಾಗಿ ಬೇರೆಯಾಗುತ್ತಿತ್ತು. ನಗು ಹೋಗಿ ಏನೋ ಲೆಕ್ಕ ಹತ್ತುತ್ತಿತ್ತು.

“ನಿಂದ್ರು. ನಾ ಬ್ಯಾಸಿಗಿ ತುಂಬ ಹೊರಗ ನಿಂತೆ. ನೀ ಒಳಗ ಕುಂತು ಮಜ್ಜಿಗಿ ಸುರಕೊಂಡು ಉಂಡಿ.”

“ಹೌದು, ಯಣ್ಣಾ.”

“ನೆತ್ತಿಗಿ ಬೆಣ್ಣಿ ಬ್ಯಾರೆ.”

“ಹೌದು.”

“ಮತ್ತ ಆ ಪಂಚಮಿ ಉಂಡಿ? ತುಪ್ಪ? ಅದೆಲ್ಲಾ ಲಂಚ?”

ಒಂದು ಅನ್ಯಾಯ ಇಳಿಸಿಕೊಳ್ಳಲು ಹೋಗಿ ಇನ್ನೊಂದನ್ನು ತಲೆಯ ಮೇಲೆ ಇಟ್ಟುಕೊಂಡಂತಾಯಿತು. ಇಷ್ಟು ವರ್ಷ ಅವನಿಗೆ ಇಲ್ಲದ ಸಿಟ್ಟನ್ನು ನಾನೇ ಕೈಯಾರೆ ಬಡಿಸಿದ್ದೆ. ಅಣ್ಣ ಕೋಲು ತಗೊಂಡು ಎದ್ದ. ಹೊರಟೇಹೋಗುತ್ತಾನೆ ಎಂದುಕೊಂಡೆ. ಅವನು ಹೊರಗೆ ಹೋಗಲಿಲ್ಲ. ಕೋಲನ್ನು ಬಾಗಿಲ ಕಡೆ ತೋರಿಸಿದ.

“ಚರಗಿ ತಗೊಂಡು ಹೊರಗ ಹೋಗಿ ನಿಂದ್ರು.”

“ಯಣ್ಣಾ, ಈ ವಯಸ್ಸಿನಾಗ...”

“ಪಾಳಿ ನಿಂದು. ನಿಂದ್ರು.”

ನಿಂತೆ. ನನ್ನ ಮನೆಯ ಹೊಸ್ತಿಲ ಹೊರಗೆ, ನನ್ನದೇ ಚರಗಿ ಹಿಡಿದು, ಬಿಸಿಲಲ್ಲಿ. ಎದುರು ಮನೆಯ ಸೊಸೆ ಬಟ್ಟೆ ಒಣ ಹಾಕುತ್ತಿದ್ದವಳು, “ಯಾಕ್ರೀ ಅಮ್ಮಾ, ಬಾಗಲಾ ಹಾಕ್ಯಾರೇನ್ರಿ?” ಎಂದಳು. “ಇಲ್ಲವ್ವಾ, ಮಜ್ಜಿಗಿಗಿ ನಿಂತೀನಿ” ಅಂದೆ. ಅವಳು ಹಿಡಿದ ಸೀರೆಯನ್ನು ಹಾಗೇ ಹಿಡಿದು ನೋಡುತ್ತ ಉಳಿದಳು.

ಅಣ್ಣ ಹಲ್ಲಿನಿಂದ ಚೀಲದ ಮೂಲೆ ಕಚ್ಚಿ ಹರಿದ. ನನ್ನ ಮುಖ ನೋಡಲಿಲ್ಲ. ಥೇಟ್ ಆಯಿಯಂತೆ ತುಟಿ ಬಿಗಿದುಕೊಂಡು, ಓಣಿಯ ಕೊನೆಯಲ್ಲಿ ಏನೋ ಇದೆ ಎಂಬಂತೆ ಅತ್ತ ನೋಡುತ್ತ ಸುರಿದ. ತೆಳ್ಳಗಿತ್ತು. ನಾವಿಬ್ಬರೂ ಸೇರಿ ಮಾಡಿದ್ದಕ್ಕಿಂತ ತೆಳ್ಳಗಿತ್ತು. ನಾನು ಏನೂ ಅನ್ನಲಿಲ್ಲ. ಕೊಟ್ಟದ್ದನ್ನು ಹಳಿಯಬಾರದು.

ಚರಗಿ ಹಿಡಿದು ನಿಂತೇ ಇದ್ದೆ. ಒಳಗೆ ಬಾ ಎಂದು ಅವನು ಅನ್ನಲಿಲ್ಲ. ಅವನಾಗಿ ಅನ್ನದೆ ಬರುವ ಧೈರ್ಯ ನನಗೆ ಆಗಲಿಲ್ಲ.

“ಭಾಗ್ಯಾ, ಮನ್ಯಾಗ ಬೆಣ್ಣಿ ಅದೇನವ್ವಾ?” ಅಂದ ಅಣ್ಣ.

“ಪಾಕೀಟಿನ ಬೆಣ್ಣಿ ಅದ, ಮುತ್ಯಾ. ಬ್ರೆಡ್ಡಿಗಿ ಹಚ್ಚೋದು.”

“ಯಾವುದಾದ್ರೇನು, ತಾ.”

ಫ್ರಿಜ್ಜಿನಿಂದ ಬಂದದ್ದು ಕಲ್ಲಿನಂತೆ ಗಟ್ಟಿಯಾಗಿತ್ತು. ಅಣ್ಣ ಚಮಚದ ತುದಿಯಿಂದ ಅದನ್ನು ಮೀಟಿ ಮೀಟಿ ಒಂದು ತುಣುಕು ಎಬ್ಬಿಸಿದ. ನನ್ನ ಚರಗಿಯೊಳಗೆ ಹಾಕಿದ. ಟಪ್ ಎಂದಿತು.

ಹೊಸ್ತಿಲು ದಾಟಿ ಒಳಗೆ ಬಂದು ಅವನ ಪಕ್ಕ ಕೂತು ಕುಡಿದೆ. ಅಂಗಡಿಯ ಮಜ್ಜಿಗೆಗೆ ಉಪ್ಪು ಹಾಕಿದ್ದರು, ಬೆಣ್ಣೆಗೂ ಉಪ್ಪು ಹಾಕಿದ್ದರು.